ಕೊಳವೆಯ ನೀರಿನ ಒತ್ತಡವೂ ವೇಗವೂ
ಹನಿ ನೀರಾವರಿಯ ತೋಟಗಾರರು ತಿಳಿಯತಕ್ಕ ಸಂಗತಿಗಳು

ಬಾದಾಮಿಗೆ ಸಮೀಪದ ಬನಶಂಕರಿ ಕ್ಷೇತ್ರದ ಸುತ್ತಲೂ ತೆಂಗು, ಬಾಳೆ ಮತ್ತು ಎಲೆಬಳ್ಳಿಯ ತೋಟಗಳಿರುವುದು ಸರ್ವರಿಗೂ ತಿಳಿದ ವಿಷಯ. ಈ ತೋಟಗಳಿಗೆ ಬಾವಿಯ ನೀರೂ ಮಲಪ್ರಭೆಯ ನೀರೂ ಆಧಾರವಾಗಿವೆ. ಮಳೆ ಕಡಮೆಯಾದ ಈ ಸೀಮೆಯಲ್ಲಿ ನೀರನ್ನು ಮಡಿಗಳಿಗೆ ಹರಿಯಬಿಡುವ ಪದ್ಧತಿಗಿಂತ, ಕೊಳವೆಗಳ ಮೂಲಕ ಗಿಡದ ಬುಡಕ್ಕೆ ಹನಿಹನಿಯಾಗಿ ಬಿಡುವ ಪದ್ಧತಿಯು ಹೆಚ್ಚು ಲಾಭಕರವೆಂದು ಅನೇಕ ಬೆಳೆಗಾರರು ಕಂಡುಕೊಂಡಿದ್ದಾರೆ. ನೆರೆಯ ಹುನಗುಂದ ಸೀಮೆಯಲ್ಲಿ ೨೦೧೦ರ ದಶಕದಲ್ಲಿ ಕೈಗೊಂಡ ರಾಮಥಾಳ ಯೋಜನೆಯು ಕೃಷ್ಣೆಯ ನೀರನ್ನು ಮೇಲೆತ್ತಿ, ಸುಮಾರು ೨೪,೦೦೦ ಹೆಕ್ಟೇರು ಭೂಮಿಗೆ ಹನಿ ನೀರಾವರಿಯಿಂದಲೇ ಒದಗಿಸುವ ಉದ್ದೇಶದಿಂದ ರಚಿತವಾದುದು.

ಹನಿ ನೀರಾವರಿಯಲ್ಲಿ ನೀರಿನೊಡನೆ ಗೊಬ್ಬರವನ್ನೂ ಕೊಡುವುದುಂಟು. ಇದಕ್ಕಾಗಿ ವೆಂಚುರಿ ಎಂಬ ಚಿಕ್ಕ ಸಾಧನವನ್ನು ಕೊಳವೆಗೆ ಜೋಡಿಸುತ್ತಾರೆ. ಇದು ಡಮರುಗದಂತೆ ಎರಡು ತುದಿಗಳಲ್ಲಿ ಅಗಲವಾಗಿಯೂ ನಡುವೆ ಸಣ್ಣದಾಗಿಯೂ ಇರುವುದು. ನಡುವಿನ ಸಣ್ಣ ಕೊರಳಿಗೆ ಒಂದು ರಂಧ್ರವಿದ್ದು, ಅದಕ್ಕೆ ಸಿಕ್ಕಿಸಿದ ನಳಿಕೆಯ ಇನ್ನೊಂದು ತುದಿಯನ್ನು ಗೊಬ್ಬರದ ನೀರಿನ ಬಕೆಟ್ಟಿನಲ್ಲಿ ಮುಳುಗಿಸುತ್ತಾರೆ. ನೀರು ಕೊರಳಿನಲ್ಲಿ ರಭಸದಿಂದ ಹಾಯುವಾಗ ಗೊಬ್ಬರವು ತಾನಾಗಿಯೇ ಕೊಳವೆಯನ್ನು ಸೇರುವುದು. ಕೆಲವು ತೋಟಗಳಲ್ಲಾದರೋ, ಗೊಬ್ಬರವು ಏರುವುದಿಲ್ಲ; ಇಲ್ಲವೆ ಕೊಳವೆಯ ನೀರೇ ಬಕೆಟ್ಟಿಗೆ ಬಂದು ತುಂಬಿ ಚೆಲ್ಲುವುದು. ಮತ್ತೆ ಕೆಲವು ಕಡೆ, ಪಂಪು ನಿಂತ ಕೂಡಲೇ ಗೊಬ್ಬರದ ನೀರು ಬಾವಿಗೆ ಇಳಿದು, ಕುಡಿಯುವ ನೀರು ಕೆಡುವ ಅಪಾಯವಿರುವುದು. ಈ ಮೂರು ತೊಂದರೆಗಳಿಗೂ ಮೂಲ ಒಂದೇ. ಹರಿಯುವ ನೀರಿನ ಒತ್ತಡಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಸರಿಯಾಗಿ ಅರಿತರೆ ಮೂರನ್ನೂ ತಡೆಯಬಹುದು.

೧. ನಿಂತ ನೀರಿನ ಒತ್ತಡ

ನೀರು ಕಣ್ಣಿಗೆ ಒಂದೇ ಅಖಂಡ ವಸ್ತುವಿನಂತೆ ತೋರಿದರೂ ವಾಸ್ತವವಾಗಿ ಅತಿಸೂಕ್ಷ್ಮವಾದ ಅಣುಗಳ ಸಮೂಹವಾಗಿದೆ. ಒಂದು ಹನಿಯಲ್ಲಿರುವ ಅಣುಗಳನ್ನು ಲೆಕ್ಕಮಾಡಿದರೆ, ೧ರ ಮುಂದೆ ೨೧ ಸೊನ್ನೆಗಳನ್ನು ಬರೆದಷ್ಟನ್ನು ಮೀರುವುದು. ಈ ಅಣುಗಳು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ನಮ್ಮ ಸೀಮೆಯ ಸಾಧಾರಣ ಉಷ್ಣತೆಯಲ್ಲಿ ಅವುಗಳ ವೇಗವು ಸೆಕೆಂಡಿಗೆ ಸುಮಾರು ೬೦೦ ಮೀಟರಿನಷ್ಟಿರುವುದು. ಆದರೆ ನೆರೆಯ ಅಣುಗಳು ಬಹಳ ಒತ್ತಾಗಿರುವುದರಿಂದ ಯಾವ ಅಣುವೂ ನೇರವಾಗಿ ದೂರ ಓಡಲಾರದು. ಕ್ಷಣಕ್ಷಣಕ್ಕೂ ಪಕ್ಕದ ಅಣುವನ್ನು ತಾಗಿ, ನೂಕಿ, ನೂಕಿಸಿಕೊಂಡು ದಿಕ್ಕು ಬದಲಿಸುತ್ತಲೇ ಇರುವುದು.

ಇದು ಬರಿಯ ಊಹೆಯಲ್ಲ. ೧೮೨೭ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು, ಹೂವಿನ ಪರಾಗದಿಂದ ಬಂದ ಸೂಕ್ಷ್ಮ ಕಣಗಳು ನಿಂತ ನೀರಿನಲ್ಲಿಯೂ ಸದಾ ಅತ್ತಿತ್ತ ಅದುರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಬಡಿಯುವುದೇ ಇದಕ್ಕೆ ಕಾರಣವೆಂದು ಆಲ್ಬರ್ಟ್ ಐನ್‌ಸ್ಟೈನನು ೧೯೦೫ರಲ್ಲಿ ಗಣಿತದಿಂದ ವಿವರಿಸಿದನು. ಜಾನ್ ಪೆರಾನ್ ಎಂಬ ಫ್ರೆಂಚ್ ವಿಜ್ಞಾನಿಯು ಅದನ್ನು ಪ್ರಯೋಗಗಳಿಂದ ಸ್ಥಿರಪಡಿಸಿ, ೧೯೨೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಅಣುಗಳು ಪಾತ್ರೆಯ ಗೋಡೆಗೆ ಎಡೆಬಿಡದೆ ಕೊಡುವ ಅಸಂಖ್ಯ ನೂಕುಗಳ ಮೊತ್ತವನ್ನೇ ಒತ್ತಡವೆನ್ನುತ್ತೇವೆ. ಅಣುಗಳು ಎಲ್ಲ ದಿಕ್ಕುಗಳಲ್ಲಿಯೂ ಅಲೆಯುವುದರಿಂದ ಒತ್ತಡವೂ ಕೆಳಗೆ, ಪಕ್ಕಕ್ಕೆ, ಮೇಲಕ್ಕೆ ಸಮನಾಗಿ ಉಂಟಾಗುವುದು. ಬನಶಂಕರಿಯ ಹರಿದ್ರಾತೀರ್ಥವನ್ನು ನೋಡಿರಿ. ಕಲ್ಲುಗೋಡೆಯ ಆ ವಿಶಾಲ ಹೊಂಡದಲ್ಲಿ ಆಳಕ್ಕೆ ಇಳಿದಂತೆಲ್ಲ ಮೇಲಿನ ನೀರಿನ ಭಾರದಿಂದ ಕೆಳಗಿನ ಅಣುಗಳು ತುಸು ಹೆಚ್ಚಾಗಿ ಅದುಮಲ್ಪಡುತ್ತವೆ. ೧೦ ಮೀಟರ್ ಆಳದಲ್ಲಿ ನೀರು ಕುಗ್ಗುವುದು ತನ್ನ ಗಾತ್ರದ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಕಣ್ಣಿಗೆ ಕಾಣದ ಈ ಕುಗ್ಗುವಿಕೆಗೆ ಪ್ರತಿಯಾಗಿ ಅಣುಗಳು ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಮ್ ತೂಕದಷ್ಟು ಹೆಚ್ಚಾಗಿ ನೂಕುತ್ತವೆ. ಹೊಂಡವು ವಿಶಾಲವಾಗಿರಲಿ, ಬಾವಿಯು ಕಿರಿದಾಗಿರಲಿ, ಆಳವು ಒಂದೇ ಆದರೆ ಒತ್ತಡವೂ ಒಂದೇ. ಆದಕಾರಣ ೧೦ ಮೀಟರ್ ಎತ್ತರದಲ್ಲಿ ನೀರಿನ ತೊಟ್ಟಿಯನ್ನಿಟ್ಟರೆ, ನೀರು ಹರಿಯದಿರುವಾಗ, ಕೆಳಗಿನ ಕೊಳವೆಯಲ್ಲಿ ಗೇಜು ಎಂದು ಕರೆಯುವ ಒತ್ತಡಮಾಪಕವು ೧ ಕಿಲೋ ತೋರಿಸುವುದು. ಸಾಧಾರಣ ಡ್ರಿಪ್ಪರುಗಳಿಗೆ ಬೇಕಾದ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ.

೨. ಇಕ್ಕಟ್ಟಿನಲ್ಲಿ ವೇಗ ಹೆಚ್ಚುವ ಬಗೆ

ಅಗಲವಾದ ಕೊಳವೆಯೊಂದು ಮುಂದೆ ಕಿರಿದಾಗುವುದೆಂದು ಭಾವಿಸೋಣ. ಒಂದು ಸೆಕೆಂಡಿನಲ್ಲಿ ಅಗಲ ಭಾಗವನ್ನು ದಾಟಿದ ನೀರಷ್ಟೂ ಅದೇ ಸೆಕೆಂಡಿನಲ್ಲಿ ಕಿರಿದಾದ ಭಾಗವನ್ನೂ ದಾಟಬೇಕು. ಏತಕ್ಕೆಂದರೆ ನಡುವೆ ನೀರು ಶೇಖರವಾಗಲು ಸ್ಥಳವಿಲ್ಲ. ಆದ್ದರಿಂದ ಕಿರಿದಾದ ಭಾಗದಲ್ಲಿ ನೀರು ವೇಗವಾಗಿ ಓಡಲೇಬೇಕು. ಇದು ಎಲ್ಲರಿಗೂ ಒಪ್ಪಿಗೆಯಾದ ಮಾತು. ಹಾಗಾದರೆ ಅಲ್ಲಿ ಒತ್ತಡವು ಹೆಚ್ಚುವುದೋ ಕಡಮೆಯಾಗುವುದೋ ಎಂದು ಕೇಳಿದರೆ, ಇಕ್ಕಟ್ಟಾದಲ್ಲಿ ಒತ್ತಡ ಹೆಚ್ಚೆಂದೇ ಬಹು ಜನರು ಹೇಳುವರು. ವಾಸ್ತವವು ಇದಕ್ಕೆ ವಿರುದ್ಧವಾದುದು.

ಕಾರಣವನ್ನು ಹೀಗೆ ತಿಳಿಯಬೇಕು. ನಿಂತ ಬಂಡಿಯನ್ನು ನೂಕದೆ ಅದು ಮುಂದೆ ಸಾಗದು. ನಿಧಾನವಾಗಿ ಸಾಗುವ ಬಂಡಿಯ ವೇಗವೂ ನೂಕದೆ ಹೆಚ್ಚಲಾರದು. ನೀರಿಗೂ ಇದೇ ನಿಯಮ. ಕೊರಳಿನ ಬಾಯಿಯಲ್ಲಿರುವ ಒಂದು ಗುಟುಕು ನೀರಿನ ಮೇಲೆ ಮನಸ್ಸಿಡಿರಿ. ಅದರ ಹಿಂದಿನ ಅಣುಗಳು ಅದನ್ನು ಮುಂದಕ್ಕೆ ನೂಕುತ್ತವೆ. ಮುಂದಿನ ಅಣುಗಳು ಹಿಂದಕ್ಕೆ ನೂಕುತ್ತವೆ. ಎರಡು ನೂಕುಗಳೂ ಸಮನಾಗಿದ್ದರೆ ಅದರ ವೇಗವು ಇದ್ದಷ್ಟೇ ಇರುವುದು. ವೇಗವು ಹೆಚ್ಚಿದುದು ನಿಜವಾದ ಪಕ್ಷದಲ್ಲಿ, ಹಿಂದಿನ ನೂಕು ಮುಂದಿನ ನೂಕಿಗಿಂತ ಹೆಚ್ಚಾಗಿದ್ದಿರಲೇಬೇಕು. ಎಂದರೆ, ಅಗಲ ಭಾಗದ ಅಣುಗಳು ಹೆಚ್ಚು ಅದುಮಿಕೊಂಡು ಹೆಚ್ಚು ಒತ್ತಡದಲ್ಲಿಯೂ, ಕೊರಳಿನ ಅಣುಗಳು ತುಸು ಸಡಿಲವಾಗಿ ಕಡಮೆ ಒತ್ತಡದಲ್ಲಿಯೂ ಇವೆಯೆಂದಾಯಿತು. ಕೊರಳನ್ನು ದಾಟಿ ಕೊಳವೆಯು ಮತ್ತೆ ಅಗಲವಾದಾಗ ಇದರ ವಿಪರ್ಯಾಸವಾಗುವುದು: ವೇಗದಿಂದ ಬಂದ ನೀರು ಮುಂದಿನ ನಿಧಾನದ ನೀರನ್ನು ಅದುಮಿ, ತಾನು ನಿಧಾನಿಸಿ, ಒತ್ತಡವನ್ನು ಹೆಚ್ಚಿಸುವುದು.

ಬನಶಂಕರಿಯ ಜಾತ್ರೆಯಲ್ಲಿಯೂ ಇದರ ಹೋಲಿಕೆಯನ್ನು ಕಾಣಬಹುದು. ಕಿರಿದಾದ ಬಾಗಿಲಿನ ಎದುರಿಗೆ ಕಾದಿರುವ ಜನರಲ್ಲಿ ನೂಕುನುಗ್ಗಲು ಬಲವಾಗಿರುವುದು. ಬಾಗಿಲಿನೊಳಗೆ ಹೊಕ್ಕವನು ಹಿಂದಿನವರ ನೂಕಿನಿಂದಲೇ ಬೇಗ ಸಾಗುವನು. ಅವನ ಮುಂದೆ ಎದುರು ನೂಕುವವರು ಕಡಮೆ. ಇಕ್ಕಟ್ಟಿನ ಬಾಧೆಯಿರುವುದು ಬಾಗಿಲಿನ ಹಿಂದೆಯೇ ಹೊರತು ಬಾಗಿಲನ್ನು ದಾಟಿ ಓಡುವವನಿಗಲ್ಲ. ಈ ಹೋಲಿಕೆಗೆ ಒಂದು ಮಿತಿಯುಂಟು: ಓಡುವ ಜನರು ದೂರದೂರ ಸರಿಯುವರು, ನೀರಿನ ಅಣುಗಳಾದರೋ, ಅಳೆಯಲು ಕಷ್ಟವಾಗುವಷ್ಟು ಅಲ್ಪವಾಗಿ ಮಾತ್ರ ಸಡಿಲವಾಗುವುವು.

ವೇಗಕ್ಕೂ ಒತ್ತಡಕ್ಕೂ ಇರುವ ಈ ಸಂಬಂಧವನ್ನು ಡೇನಿಯಲ್ ಬರ್ನೂಲಿ ಎಂಬ ಪಂಡಿತನು ೧೭೩೮ರಲ್ಲಿ ಪ್ರಕಟವಾದ ತನ್ನ ಜಲಗತಿಶಾಸ್ತ್ರದ ಗ್ರಂಥದಲ್ಲಿ ವಿವರಿಸಿದನು. ಗಾಳಿಯ ಒತ್ತಡವು ಅದರ ಕಣಗಳು ಗೋಡೆಗೆ ಬಡಿಯುವುದರಿಂದ ಉಂಟಾಗುವುದೆಂಬ ವಿಚಾರವೂ ಅದೇ ಗ್ರಂಥದಲ್ಲಿರುವುದು ಗಮನಾರ್ಹ. ಕಿರುಗೊರಳಿನ ಕೊಳವೆಯನ್ನು ಕುರಿತು ಇಟಲಿಯ ಜೊವಾನ್ನಿ ಬತ್ತಿಸ್ತಾ ವೆಂಚುರಿಯು ೧೭೯೭ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಇಂದಿನ ಸಾಧನಕ್ಕೆ ಅವನ ಹೆಸರೇ ನಿಂತಿದೆ.

೩. ತಪ್ಪು ತಿಳಿವಳಿಕೆಗಳ ನಿವಾರಣೆ

ವೇಗವಾಗಿ ಓಡುವ ಅಣುಗಳಿಗೆ ಪಕ್ಕದ ಗೋಡೆಯನ್ನು ಬಡಿಯಲು ಸಮಯವಿಲ್ಲ, ಆದ್ದರಿಂದ ಒತ್ತಡ ಕಡಮೆಯೆಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ಬಾದಾಮಿ ನಿಲ್ದಾಣದಿಂದ ಬಾಗಲಕೋಟೆಯ ಕಡೆಗೆ ಓಡುವ ರೈಲಿನಲ್ಲಿ ಒಂದು ಕೊಡ ನೀರನ್ನಿಟ್ಟರೆ, ಅದರ ಅಣುಗಳೆಲ್ಲ ರೈಲಿನೊಡನೆ ರಭಸದಿಂದ ಸಾಗುತ್ತಿರುವುವು. ರೈಲು ಸಮವೇಗದಲ್ಲಿರುವಾಗ ಕೊಡದ ತಳದ ಒತ್ತಡವು ಮನೆಯಲ್ಲಿಟ್ಟ ಕೊಡದಲ್ಲಿದ್ದಷ್ಟೇ ಇರುವುದು. ಒಟ್ಟಾಗಿ ಮುಂದೆ ಸಾಗಿದ ಮಾತ್ರಕ್ಕೆ ಅಣುಗಳ ಒಳಗಿನ ಅಲೆದಾಟವು ಕುಂದುವುದಿಲ್ಲ.

ಮಲಪ್ರಭೆಯೂ ಇದನ್ನೇ ಹೇಳುತ್ತದೆ. ಹೊಳೆಯ ನೀರು ಮಡುವಿನಲ್ಲಿ ನಿಧಾನವಾಗಿಯೂ ಕಲ್ಲುಗಳ ನಡುವೆ ರಭಸವಾಗಿಯೂ ಹರಿಯುವುದು. ಆದರೆ ಎರಡು ಕಡೆಯೂ ಅದರ ಮೇಲ್ಮೈಯ ಮೇಲಿನ ಒತ್ತಡವು ಬಯಲಿನ ಗಾಳಿಯ ಒತ್ತಡವೇ ಆಗಿದೆ. ಅಲ್ಲಿ ವೇಗವು ಬಂದುದು ಮೇಲಿನಿಂದ ಕೆಳಕ್ಕೆ ಇಳಿದುದರಿಂದ. ಮುಚ್ಚಿದ ಕೊಳವೆಯಲ್ಲಿ ವೇಗವು ಬರುವುದು ಹೆಚ್ಚು ಒತ್ತಡದ ಕಡೆಯಿಂದ ಕಡಮೆ ಒತ್ತಡದ ಕಡೆಗೆ ನೂಕಲ್ಪಡುವುದರಿಂದ. ಆದಕಾರಣ ವೇಗವು ಒತ್ತಡವನ್ನು ತಿನ್ನುವುದೆಂದು ಹೇಳಕೂಡದು. ಒತ್ತಡಗಳ ವ್ಯತ್ಯಾಸವೇ ವೇಗವನ್ನು ಹುಟ್ಟಿಸುವುದೆಂದು ಹೇಳಬೇಕು. ಈ ಒಂದು ಮಾತನ್ನು ಚೆನ್ನಾಗಿ ಹಿಡಿದರೆ ಮುಂದಿನದೆಲ್ಲವೂ ಸುಲಭವಾಗುವುದು.

೪. ವೆಂಚುರಿಯ ಲೆಕ್ಕ

ಒಳವ್ಯಾಸ ೫೦ ಮಿಲಿಮೀಟರ್ ಇರುವ ಕೊಳವೆಯಲ್ಲಿ ನೀರು ಸೆಕೆಂಡಿಗೆ ೧ ಮೀಟರ್ ವೇಗದಿಂದ ಹರಿಯುತ್ತಿರಲಿ. ಆಗ ಸೆಕೆಂಡಿಗೆ ಸುಮಾರು ೨ ಲೀಟರ್ ನೀರು ಸಾಗುವುದು. ಗೇಜು ೧ ಕಿಲೋ ಒತ್ತಡವನ್ನು, ಎಂದರೆ ೧೦ ಮೀಟರ್ ಎತ್ತರದ ನೀರಿನ ಒತ್ತಡವನ್ನು ತೋರಿಸುತ್ತಿರಲಿ.

ಕೊರಳಿನ ವ್ಯಾಸವು ೨೦ ಮಿಲಿಮೀಟರ್ ಆದರೆ ಅಲ್ಲಿ ವೇಗವು ಆರೂಕಾಲು ಪಟ್ಟಾಗುವುದು. ಈ ವೇಗವನ್ನು ಹುಟ್ಟಿಸಲು ಸುಮಾರು ೨ ಮೀಟರ್ ನೀರಿನ ಒತ್ತಡವು ವೆಚ್ಚವಾಗುವುದು. ಕೊರಳಿನಲ್ಲಿ ಇನ್ನೂ ೮ ಮೀಟರಿನಷ್ಟು ಉಳಿಯಿತು. ಅದು ಹೊರಗಿನ ಗಾಳಿಗಿಂತ ಹೆಚ್ಚಾಗಿರುವುದರಿಂದ ಗೊಬ್ಬರವು ಒಳಕ್ಕೆ ಬಾರದು. ಕೊಳವೆಯ ನೀರೇ ಬಕೆಟ್ಟಿಗೆ ಹರಿದು ಚೆಲ್ಲುವುದು.

ಕೊರಳಿನ ವ್ಯಾಸವು ಹನ್ನೆರಡೂವರೆ ಮಿಲಿಮೀಟರ್ ಆದರೆ, ಅಡ್ಡಳತೆಯು ನಾಲ್ಕನೆಯ ಒಂದು ಪಾಲಾದ್ದರಿಂದ ದಾರಿಯ ವಿಸ್ತಾರವು ಹದಿನಾರನೆಯ ಒಂದು ಪಾಲಾಗಿ, ವೇಗವು ಸೆಕೆಂಡಿಗೆ ೧೬ ಮೀಟರ್ ಆಗುವುದು. ಇದು ೧೩ ಮೀಟರ್ ಎತ್ತರದಿಂದ ಬಿದ್ದ ನೀರಿಗೆ ಬರುವ ವೇಗ. ಆದ್ದರಿಂದ ೧೩ ಮೀಟರಿನಷ್ಟು ಒತ್ತಡವು ಇಲ್ಲಿ ವೆಚ್ಚವಾಗಿ, ಕೊರಳಿನ ಒತ್ತಡವು ಹೊರಗಿನ ಗಾಳಿಗಿಂತ ೩ ಮೀಟರ್ ಕೆಳಗಿಳಿಯುವುದು. ಆಗ ಬಯಲಿನ ಗಾಳಿಯು ಬಕೆಟ್ಟಿನ ನೀರಿನ ಮೇಲೆ ಒತ್ತಿ, ಗೊಬ್ಬರವನ್ನು ನಳಿಕೆಯ ಮೂಲಕ ಕೊರಳಿಗೆ ಏರಿಸುವುದು. ಈ ಲೆಕ್ಕದಲ್ಲಿ ಘರ್ಷಣೆಯ ನಷ್ಟವನ್ನು ಬಿಟ್ಟಿದೆ.

ವೇಗವು ಹೆಚ್ಚಾದ ಮಾತ್ರಕ್ಕೆ ಗೊಬ್ಬರವು ಏರುವುದಿಲ್ಲ, ಕೊರಳಿನ ಒತ್ತಡವು ಗಾಳಿಯ ಒತ್ತಡಕ್ಕಿಂತ ಕೆಳಗಿಳಿದರೆ ಮಾತ್ರ ಏರುವುದೆಂದು ಇದರಿಂದ ಸ್ಪಷ್ಟವಾಗುವುದು. ಆದ್ದರಿಂದಲೇ ತೋಟಗಳಲ್ಲಿ ವೆಂಚುರಿಯನ್ನು ದೊಡ್ಡ ಕೊಳವೆಯ ಪಕ್ಕದ ಕವಲಿನಲ್ಲಿ ಜೋಡಿಸಿ, ಕವಲಿನ ಎರಡು ತುದಿಗಳ ನಡುವೆ ದೊಡ್ಡ ಕೊಳವೆಗೆ ಒಂದು ವಾಲ್ವು ಹಾಕುತ್ತಾರೆ. ಆ ವಾಲ್ವನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚಿದರೆ ಅದರ ಹಿಂದೆ ಒತ್ತಡ ಹೆಚ್ಚಿ, ಮುಂದೆ ಕಡಮೆಯಾಗಿ, ವೆಂಚುರಿಯ ಮೂಲಕ ರಭಸದ ಹರಿವು ಉಂಟಾಗುವುದು. ಅನೇಕ ಮಾದರಿಗಳಲ್ಲಿ ಇದಕ್ಕೆ ಒಳಬರುವ ಒತ್ತಡದ ಮೂರನೆಯ ಒಂದು ಪಾಲಿನಷ್ಟು ಬೇಕಾಗುವುದು. ಪಂಪಿನಲ್ಲಿ ಅಷ್ಟು ಬಲವಿಲ್ಲದಿದ್ದರೆ, ಇಲ್ಲವೆ ಮುಂದಿನ ಕೊಳವೆಗಳು ಕಟ್ಟಿಕೊಂಡು ಹರಿವು ಕುಂದಿದರೆ, ಸಾಧನವು ಎಷ್ಟು ಬೆಲೆಯದಾದರೂ ಗೊಬ್ಬರವನ್ನು ಎಳೆಯಲಾರದು.

೫. ಮರಳಿ ಬಾರದ ನಷ್ಟ

ಕೊರಳಿನಲ್ಲಿ ಇಳಿದ ಒತ್ತಡದ ಬಹುಪಾಲು, ಮುಂದೆ ಕೊಳವೆಯು ಕ್ರಮವಾಗಿ ಅಗಲವಾದಾಗ ಮರಳಿ ಬರುವುದು. ಉದ್ದನೆಯ ಕೊಳವೆಯಲ್ಲಿ ಘರ್ಷಣೆಯಿಂದ ಆಗುವ ನಷ್ಟವು ಹಾಗಲ್ಲ. ಕೊಳವೆಯ ಗೋಡೆಯನ್ನು ಮುಟ್ಟಿರುವ ಅಣುಗಳು ಗೋಡೆಗೆ ಅಂಟಿದಂತೆ ನಿಲ್ಲುತ್ತವೆ. ಪಕ್ಕದ ಪದರದ ಅಣುಗಳು ಇವುಗಳಿಗೆ ತಾಗಿ ನಿಧಾನಿಸುತ್ತವೆ. ಅವು ತಮ್ಮ ಒಳಗಿನ ಪದರವನ್ನು ನಿಧಾನಿಸುತ್ತವೆ. ಹೀಗೆ ಒಟ್ಟಾಗಿ ಮುಂದೆ ಸಾಗುವ ಚಲನೆಯ ಒಂದು ಪಾಲು ದಿಕ್ಕುದೆಸೆಯಿಲ್ಲದ ಅಲೆದಾಟವಾಗಿ, ಎಂದರೆ ಅತ್ಯಲ್ಪ ಶಾಖವಾಗಿ ಮಾರ್ಪಡುವುದು. ಹಾಗೆ ಚದರಿದುದನ್ನು ಮತ್ತೆ ಒಟ್ಟುಗೂಡಿಸಿ ಒತ್ತಡವನ್ನಾಗಿ ಮಾಡಲಾಗದು.

ಒಂದೇ ಕೊಳವೆಯಲ್ಲಿ ಎರಡರಷ್ಟು ನೀರನ್ನು ಸಾಗಿಸಹೋದರೆ ಈ ನಷ್ಟವು ಎರಡರಷ್ಟಲ್ಲ, ಸುಮಾರು ಮೂರೂವರೆಯಷ್ಟಾಗುವುದು. ಬೆಲೆ ಕಡಮೆಯೆಂದು ಸಣ್ಣ ಕೊಳವೆಯನ್ನು ಕೊಂಡು, ಒಂದು ಸಾಲಿಗೆ ಮಿತಿಮೀರಿ ಗಿಡಗಳನ್ನು ಸೇರಿಸಿದ ತೋಟದಲ್ಲಿ, ತುದಿಯ ಗಿಡಗಳಿಗೆ ನೀರೂ ಗೊಬ್ಬರವೂ ಸಾಲದೆ ಹೋಗುವುದು ಇದರಿಂದಲೇ. ಮೊದಲಿನ ಬಾಳೆಯು ಗೊನೆಬಿಟ್ಟು ಕೊನೆಯ ಬಾಳೆಯು ಸೊರಗಿದ್ದರೆ, ಮಣ್ಣನ್ನು ದೂಷಿಸುವ ಮೊದಲು ಸಾಲಿನ ಎರಡು ತುದಿಗಳಲ್ಲಿ ಗೇಜಿಟ್ಟು ನೋಡತಕ್ಕದ್ದು.

೬. ಪಂಪು ಹೀರುವುದೆಂಬ ಮಾತು

ಕೊರಳಿನಲ್ಲಿ ಕಂಡ ನಿಯಮವೇ ಬಾವಿಯ ಮೇಲೆ ಕುಳಿತ ಪಂಪಿಗೂ ಅನ್ವಯಿಸುವುದು. ಅಣುಗಳಿಗೆ ನೂಕುವ ಶಕ್ತಿಯುಂಟೇ ಹೊರತು, ದೂರದ ನೀರನ್ನು ಕೈನೀಡಿ ಎಳೆಯುವ ಶಕ್ತಿಯು ಪಂಪಿಗಿಲ್ಲ. ಪಂಪು ತನ್ನ ಬಾಯಿಯಲ್ಲಿ ಒತ್ತಡವನ್ನು ತಗ್ಗಿಸುವುದು. ಬಾವಿಯ ನೀರಿನ ಮೇಲೆ ಒತ್ತಿರುವ ಗಾಳಿಯು ನೀರನ್ನು ಮೇಲಕ್ಕೆ ನೂಕುವುದು. ಸಮುದ್ರಮಟ್ಟದಿಂದ ಸುಮಾರು ೫೮೦ ಮೀಟರ್ ಎತ್ತರದ ಬಾದಾಮಿಯಲ್ಲಿ ಗಾಳಿಯ ಒತ್ತಡವು ಒಂಬತ್ತೂವರೆ ಮೀಟರಿಗಿಂತ ತುಸು ಹೆಚ್ಚು ನೀರನ್ನು ಮಾತ್ರ ಎತ್ತಬಲ್ಲುದು. ಘರ್ಷಣೆ ಮೊದಲಾದವುಗಳನ್ನು ಕಳೆದರೆ, ಪಂಪನ್ನು ನೀರಿನಿಂದ ೬ ಮೀಟರಿಗಿಂತ ಎತ್ತರದಲ್ಲಿ ಇಡದಿರುವುದು ಕ್ಷೇಮ.

ಈ ಮಿತಿಯನ್ನು ಮೀರಿದರೆ ಪಂಪಿನ ಬಾಯಿಯಲ್ಲಿ ಒತ್ತಡವು ಬಹಳ ಕುಸಿದು, ಅಣುಗಳು ಗುಂಪನ್ನು ಬಿಟ್ಟು ಆವಿಯ ಗುಳ್ಳೆಗಳಾಗುತ್ತವೆ. ಗುಳ್ಳೆಗಳು ಹೆಚ್ಚು ಒತ್ತಡದ ಕಡೆಗೆ ಸಾಗಿದೊಡನೆ ಒಡೆದು ಕುಸಿಯುವಾಗ, ಒಳಗೆ ಗರಸು ಕಲ್ಲುಗಳು ಉರುಳಿದಂತಹ ಶಬ್ದವಾಗುವುದು. ಪಂಪಿನ ಚಕ್ರದ ಲೋಹವು ಚುಕ್ಕೆಚುಕ್ಕೆಯಾಗಿ ಸವೆಯುವುದು. ಬೇಸಗೆಯಲ್ಲಿ ಬಾವಿಯ ನೀರು ಇಳಿದಾಗ ಈ ಶಬ್ದವು ಕೇಳಿಬಂದರೆ, ಪಂಪನ್ನು ಕೆಳಗಿನ ಮೆಟ್ಟಿಗೆ ಇಳಿಸುವುದು ಯೋಗ್ಯ.

೭. ಗೊಬ್ಬರವು ಬಾವಿಗೆ ಇಳಿಯದಂತೆ ಎಚ್ಚರ

ಪಂಪು ನಿಂತ ಕೂಡಲೇ ಕೊಳವೆಯಲ್ಲಿ ಎತ್ತರದಲ್ಲಿರುವ ನೀರು ಬಾವಿಯ ಕಡೆಗೆ ಜಾರತೊಡಗುವುದು. ಜಾರುವ ನೀರಿನ ಹಿಂದೆ ಒತ್ತಡವು ಗಾಳಿಗಿಂತ ಕಡಮೆಯಾಗುವುದು. ಆಗ ವೆಂಚುರಿಯ ನಳಿಕೆಯು ತೆರೆದಿದ್ದರೆ, ಬಯಲಿನ ಗಾಳಿಯು ಬಕೆಟ್ಟಿನ ಗೊಬ್ಬರವನ್ನು ಕೊಳವೆಗೆ ನೂಕಿ, ಅದು ಹಿಮ್ಮುಖವಾಗಿ ಬಾವಿಯನ್ನು ಸೇರುವುದು. ಕರೆಂಟು ಹೋಗುವುದು ಸಾಮಾನ್ಯವಾದ ಊರುಗಳಲ್ಲಿ, ಯಾರೂ ನೋಡದಿರುವಾಗಲೇ ಇದು ಘಟಿಸಬಹುದು.

ತೋಟದ ಬಾವಿಯ ನೀರನ್ನೇ ಮನೆಯವರೂ ಕೂಲಿಯವರೂ ಕುಡಿಯುವ ಕಡೆಗಳಲ್ಲಿ ಇದನ್ನು ಲಘುವಾಗಿ ಎಣಿಸಕೂಡದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ ೪೫ ಮಿಲಿಗ್ರಾಮನ್ನು ಮೀರತಕ್ಕದ್ದಲ್ಲ. ಅದು ಮಿತಿಮೀರಿದ ನೀರನ್ನು ಹಸುಗೂಸುಗಳಿಗೆ ಹಾಲಿನಲ್ಲಿ ಬೆರೆಸಿ ಕುಡಿಸಿದರೆ, ರಕ್ತವು ಪ್ರಾಣವಾಯುವನ್ನು ಒಯ್ಯಲಾರದೆ ಮೈ ನೀಲಿಯಾಗಿ ಪ್ರಾಣಕ್ಕೆ ಅಪಾಯವಾಗಬಹುದು. ಕುದಿಸುವುದರಿಂದ ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣವು ಹೆಚ್ಚುವುದು.

೮. ಆಚರಣೆಯಲ್ಲಿಡತಕ್ಕ ಸೂಚನೆಗಳು

(೧) ಪಂಪಿಗೂ ವೆಂಚುರಿಗೂ ನಡುವೆ ಎನ್‌ಆರ್‌ವಿ ಎಂದು ಕರೆಯುವ ಒಮ್ಮುಖ ವಾಲ್ವನ್ನು ತಪ್ಪದೆ ಹಾಕಿಸತಕ್ಕದ್ದು. ಕೊಳವೆಯ ಎತ್ತರದ ಜಾಗದಲ್ಲಿ ಗಾಳಿಯನ್ನು ಒಳಬಿಡುವ ವಾಲ್ವೂ ಇರತಕ್ಕದ್ದು.

(೨) ಫುಟ್‌ವಾಲ್ವು ಒಂದನ್ನೇ ನಂಬಿರಕೂಡದು. ಕಸಕಡ್ಡಿ ಸಿಕ್ಕಿಕೊಂಡರೆ ಅದು ಪೂರ್ತಿಯಾಗಿ ಮುಚ್ಚುವುದಿಲ್ಲ.

(೩) ವೆಂಚುರಿಯ ಹಿಂದೆ ಒಂದು, ಮುಂದೆ ಒಂದು ಗೇಜನ್ನು ಕೂಡಿಸತಕ್ಕದ್ದು. ಗೊಬ್ಬರವು ಏರದಿದ್ದಲ್ಲಿ ಎರಡು ಗೇಜುಗಳ ಅಂತರವನ್ನು ಮೊದಲು ನೋಡಿ, ದೊಡ್ಡ ಕೊಳವೆಯ ವಾಲ್ವನ್ನು ನಿಧಾನವಾಗಿ ಮುಚ್ಚುತ್ತ ಅಂತರವನ್ನು ಹೆಚ್ಚಿಸಬೇಕು. ಆಗಲೂ ಏರದಿದ್ದರೆ ಕೊರಳಿನಲ್ಲಿ ಕಸವಿದೆಯೇ, ನಳಿಕೆಯ ಸಂದಿನಲ್ಲಿ ಗಾಳಿ ನುಗ್ಗುತ್ತಿದೆಯೇ ಎಂದು ಪರೀಕ್ಷಿಸಬೇಕು.

(೪) ಮೊದಲು ಬರಿಯ ನೀರು, ಅನಂತರ ಗೊಬ್ಬರ, ಕೊನೆಗೆ ಮತ್ತೆ ಬರಿಯ ನೀರು ಎಂಬ ಕ್ರಮವನ್ನು ಅನುಸರಿಸತಕ್ಕದ್ದು. ಪಂಪನ್ನು ನಿಲ್ಲಿಸುವ ಮೊದಲು ನಳಿಕೆಯ ಕಾಕನ್ನು ಮುಚ್ಚತಕ್ಕದ್ದು.

(೫) ಗೊಬ್ಬರ ಏರುತ್ತಿರುವಾಗ ಒಬ್ಬರು ಬಳಿಯಲ್ಲಿರಬೇಕು. ಕರೆಂಟು ಹೋದೊಡನೆ ನಳಿಕೆಯನ್ನು ಬಕೆಟ್ಟಿನಿಂದ ಹೊರತೆಗೆಯಬೇಕು.

(೬) ಕುಡಿಯುವ ನೀರಿನ ಬಾವಿಯ ಮೇಲೆ ಗೊಬ್ಬರದ ಸಾಧನವನ್ನು ಹೂಡದಿರುವುದು ಸರ್ವೋತ್ತಮ. ಅನಿವಾರ್ಯವಾದಲ್ಲಿ ಬಾವಿಯ ನೀರನ್ನು ಆಗಾಗ್ಗೆ ಪರೀಕ್ಷೆಗೆ ಕಳುಹಿಸತಕ್ಕದ್ದು.

ನೀರು ಯಾವಾಗಲೂ ನೂಕಿದತ್ತ ಸಾಗುವುದು. ಪಂಪು ಓಡುತ್ತಿರುವಾಗ ಆ ನೂಕು ಗಿಡದ ಕಡೆಗೂ, ಪಂಪು ನಿಂತಾಗ ಬಾವಿಯ ಕಡೆಗೂ ಇರುವುದೆಂಬುದನ್ನು ತೋಟದ ಯಜಮಾನನಲ್ಲದೆ, ವಾಲ್ವು ತಿರುಗಿಸುವ ಆಳುಮಗನೂ ಮನೆಯ ಹೆಣ್ಣುಮಕ್ಕಳೂ ತಿಳಿದಿರುವುದು ಅಗತ್ಯ. ಎನ್‌ಆರ್‌ವಿಯ ಬೆಲೆಯು ಅಲ್ಪ. ಒಮ್ಮೆ ಕೆಟ್ಟ ಬಾವಿಯನ್ನು ಶುದ್ಧಗೊಳಿಸುವ ವೆಚ್ಚವೂ ಶ್ರಮವೂ ಬಹಳ.